ಯಾರದೋ ದುಡ್ಡು, ಓಲ್ಡ್ ಟ್ರಾಫರ್ಡ್ ಜಾತ್ರೆ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು, ಓಲ್ಡ್ ಟ್ರಾಫರ್ಡ್ ಮೈದಾನದ ಮ್ಯಾಂಚೆಸ್ಟರ್ ಯುನೈಟೆಡ್ ಸೋತಾಗಲೆಲ್ಲ ಅಭಿಮಾನಿಗಳ ಸಿಟ್ಟು ಮೊದಲು ಹೋಗಿ ಬೀಳುವುದು ಕೋಚ್ ತಲೆಯ ಮೇಲೆ. 2013ರಲ್ಲಿ ಬಹುಕಾಲದ ಕೋಚ್ ಫರ್ಗ್ಯೂಸನ್ ನಿವೃತ್ತರಾದ ಮೇಲೆ ಮೋಯ್ಸ್, ವಾನ್ ಗಾಲ್, ಮೊರಿನ್ಯೊ, ಸೋಲ್ಶೇರ್, ಟೆನ್ ಹಾಗ್, ಅಮೋರಿಮ್ ಒಬ್ಬರಾದ ಮೇಲೊಬ್ಬರು ಬಂದರು, ಬೈಸಿಕೊಂಡರು, ಹೋದರು. ಒಬ್ಬರ ಆಟದ ಧಾಟಿ ಇನ್ನೊಬ್ಬರದ್ದಲ್ಲ. ಆರಕ್ಕೆ ಆರೂ ಜನ ದಡ್ಡರು ಎಂದು ನಂಬುವುದು ಕಷ್ಟ. ಅವರನ್ನು ಕರೆತಂದವರ ಲೆಕ್ಕ ನೋಡಬೇಕು.

ಲೆಕ್ಕ ಶುರುವಾಗುವುದು 2005ರಲ್ಲಿ. ಅಮೆರಿಕದ ಗ್ಲೇಜರ್ ಕುಟುಂಬ ಕ್ಲಬ್ಬನ್ನು ಸುಮಾರು 79 ಕೋಟಿ ಪೌಂಡ್ ಬೆಲೆಗೆ ಕೊಂಡಿತು. ಅದರಲ್ಲಿ 50 ಕೋಟಿಗೂ ಹೆಚ್ಚು ಸಾಲ. ಸಾಲದ ಹೊರೆ ಬಿದ್ದದ್ದು ಕೊಂಡವರ ಜೇಬಿನ ಮೇಲಲ್ಲ, ಕ್ಲಬ್ಬು ಮತ್ತು ಅದರ ಮೇಲೆ ಕಟ್ಟಿದ ಹೋಲ್ಡಿಂಗ್ ಕಂಪನಿಗಳ ಮೇಲೆ. ಒಂದು ಭಾಗಕ್ಕೆ ಬಡ್ಡಿ ಶೇ 14.25. ಅಲ್ಲಿಯವರೆಗೆ ದಶಕಗಳ ಕಾಲ ಸಾಲವೇ ಇಲ್ಲದಿದ್ದ ಕ್ಲಬ್ಬು ತನ್ನನ್ನು ಕೊಳ್ಳಲು ಮಾಡಿದ ಸಾಲಕ್ಕೆ ತಾನೇ ಬಡ್ಡಿ ಕಟ್ಟತೊಡಗಿತು. 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋದಾಗ ಒಂದು ಷೇರಿಗೆ 14 ಡಾಲರ್. ಬಂದ ಹಣದಲ್ಲಿ ಅರ್ಧ ಸಾಲ ತೀರಿಸಲಿಕ್ಕೆ, ಇನ್ನರ್ಧ ಕುಟುಂಬಕ್ಕೆ. ಫರ್ಗ್ಯೂಸನ್ ಇದ್ದಷ್ಟು ದಿನ ಗೆಲುವುಗಳು ಇದನ್ನೆಲ್ಲ ಮುಚ್ಚಿಟ್ಟವು.

ಸಾಲ ಮಾತ್ರವೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಹೊಟ್ಟೆ ಉರಿಸುವುದು ಖರ್ಚಿನ ರೀತಿ. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಶೇ 27.7ರಷ್ಟು ಪಾಲು ಕೊಂಡು ಫುಟ್‌ಬಾಲ್ ವಿಭಾಗದ ಹೊಣೆ ಹೊತ್ತರು. ಆ ಋತುವಿನಲ್ಲಿ ತಂಡ ಇಂಗ್ಲೆಂಡಿನ ಮೇಲ್ದರ್ಜೆಯ ಪ್ರೀಮಿಯರ್ ಲೀಗ್‌ನಲ್ಲಿ 8ನೇ ಸ್ಥಾನ, ಆದರೆ ಎಫ್‌ಎ ಕಪ್ (ನಾಕೌಟ್ ಪಂದ್ಯಾವಳಿ) ಗೆದ್ದಿತು. ಬೇರೆ ಕೋಚ್‌ಗಳ ಹತ್ತಿರ ಮಾತಾಡಿ ನೋಡಿ, ಕೊನೆಗೆ ಜುಲೈಯಲ್ಲಿ ಟೆನ್ ಹಾಗ್ ಒಪ್ಪಂದವನ್ನೇ ಮುಂದುವರಿಸಿದರು. ಅವರಿಗಾಗಿ ಸುಮಾರು 20 ಕೋಟಿ ಪೌಂಡ್ ಸುರಿದು ಡೆ ಲಿಖ್ಟ್, ಮಜ್ರಾವಿ, ಉಗಾರ್ಟೆ, ಜಿರ್ಕ್‌ಜೀ, ಯೋರೊ ಅವರನ್ನು ತಂದರು. ಲೀಗ್‌ನ 9 ಪಂದ್ಯ ಮುಗಿಯುತ್ತಿದ್ದಂತೆ, ಅಕ್ಟೋಬರ್ 28ಕ್ಕೆ ಅದೇ ಟೆನ್ ಹಾಗ್ ಮನೆಗೆ. ಅವರನ್ನೂ ಅವರ ಸಿಬ್ಬಂದಿಯನ್ನೂ ಕಳಿಸಿದ ಖರ್ಚು 1.04 ಕೋಟಿ ಪೌಂಡ್. ನ್ಯೂಕ್ಯಾಸಲ್ ಜೊತೆ ತಿಂಗಳುಗಟ್ಟಲೆ ಚೌಕಾಸಿ ಮಾಡಿ ಕರೆತಂದ ಕ್ರೀಡಾ ನಿರ್ದೇಶಕ ಡ್ಯಾನ್ ಆ್ಯಶ್‌ವರ್ತ್ ಉಳಿದದ್ದು ಐದು ತಿಂಗಳು. ಅದೇ ವರ್ಷ 250ರಷ್ಟು ನೌಕರರನ್ನು ಮನೆಗೆ ಕಳಿಸಿ, ಋತುವಿನ ಮಧ್ಯದಲ್ಲಿ ಉಳಿದ ಟಿಕೆಟ್‌ಗಳ ಬೆಲೆಯನ್ನು 66 ಪೌಂಡ್‌ಗೆ ಏರಿಸಿದರು, ಮಕ್ಕಳಿಗೂ ಪಿಂಚಣಿದಾರರಿಗೂ ರಿಯಾಯಿತಿ ಇಲ್ಲದೆ. ಉಳಿಸಿದ್ದು ಬಡವರ ಬಾಬತ್ತಿನಲ್ಲಿ, ಕಳೆದದ್ದು ದೊಡ್ಡವರ ತಪ್ಪಿನಲ್ಲಿ.

ಇನ್ನು ಮೈದಾನ. ನವೆಂಬರ್‌ನಲ್ಲಿ ಬಂದ ಅಮೋರಿಮ್ ಆಡಿಸುತ್ತಿದ್ದದ್ದು 3-4-2-1: ಹಿಂದೆ ಮೂವರು, ಮಧ್ಯದಲ್ಲಿ ನಾಲ್ವರು (ಎರಡು ಅಂಚಿನವರು ವಿಂಗ್‌ಬ್ಯಾಕ್‌ಗಳು), ಮುಂದೆ ಇಬ್ಬರು, ತುದಿಯಲ್ಲಿ ಒಬ್ಬ. ಅದು ಅವರನ್ನು ಕರೆಯುವ ಮೊದಲೇ ಜಗತ್ತಿಗೆಲ್ಲ ಗೊತ್ತಿತ್ತು. ಈ ಪದ್ಧತಿಯ ಜೀವಾಳ ವಿಂಗ್‌ಬ್ಯಾಕ್‌ಗಳು: ಗೆರೆಯ ಪಕ್ಕದಲ್ಲಿ ಇಡೀ ಮೈದಾನ ಮೇಲೆ ಕೆಳಗೆ ಓಡಬೇಕು, ಮೇಲೆ ಹೋದಾಗ ಚೆಂಡನ್ನು ಗೋಲಿನ ಮುಂದಕ್ಕೆ ಹಾಯಿಸಬೇಕು (ಕ್ರಾಸ್). ತಂಡದಲ್ಲಿ ಅಂಥವರು ಇರಲಿಲ್ಲ. ಬಲಗಾಲಿನ ಡಾಲೋ ಎಡಗಡೆ ಆಡಬೇಕಾಯಿತು. ಚೆಂಡು ಸಿಕ್ಕ ಕೂಡಲೇ ಆತ ಬಲಗಾಲಿಗೆ ತಿರುಗಿಸಿಕೊಳ್ಳಲು ಒಳಗೆ ಬರುತ್ತಾನೆ, ಅಷ್ಟರಲ್ಲಿ ಎದುರಾಳಿಯ ಡಿಫೆನ್ಸ್ ಮತ್ತೆ ಸಾಲುಗಟ್ಟಿರುತ್ತದೆ. ಎಡಗಾಲಿನ ಡೋರ್ಗು ಬಂದದ್ದು ಫೆಬ್ರವರಿಗೆ. ರ‍್ಯಾಶ್‌ಫರ್ಡ್, ಗಾರ್ನಾಚೊ, ಆಂಟನಿಯಂಥ ವಿಂಗರ್‌ಗಳಿಗೆ ಈ ನಕ್ಷೆಯಲ್ಲಿ ಜಾಗವೇ ಇರಲಿಲ್ಲ.

ವಿಂಗ್‌ಬ್ಯಾಕ್‌ಗಳನ್ನು ಬಿಟ್ಟರೆ ಮಧ್ಯದಲ್ಲಿ ಇರುವುದು ಇಬ್ಬರು. ಎದುರಾಳಿ ಮೂವರನ್ನು ನಿಲ್ಲಿಸಿದರೆ ಒಬ್ಬ ಸದಾ ಖಾಲಿ. ಅವನನ್ನು ಹಿಡಿಯಲು ಮುಂದಿನ ಇಬ್ಬರಲ್ಲಿ ಒಬ್ಬ ಹಿಂದೆ ಬಂದರೆ ಎದುರಾಳಿಯ ಮೇಲಿನ ಒತ್ತಡ (ಪ್ರೆಸ್) ಸಡಿಲ, ಸೆಂಟರ್‌ಬ್ಯಾಕ್ ಮುಂದೆ ಹೋದರೆ ಬೆನ್ನ ಹಿಂದೆ ಬಯಲು. ತಂಡದ ಅತ್ಯುತ್ತಮ ಆಟಗಾರ ಬ್ರೂನೋ ಫರ್ನಾಂಡಿಸ್‌ರನ್ನೂ ಮಧ್ಯದ ಆ ಇಬ್ಬರಲ್ಲಿ ಒಬ್ಬರಾಗಿಸಿ ಗೋಲಿನಿಂದ ದೂರ ಇಟ್ಟದ್ದು ಅಮೋರಿಮ್ ಹಟ, ಅದರಲ್ಲಿ ಅವರ ಪಾಲಿನ ತಪ್ಪಿದೆ. ಆದರೆ 4-2-3-1ಕ್ಕೆ (ಹಿಂದೆ ನಾಲ್ವರು, ಅಂಚಿನಲ್ಲಿ ವಿಂಗರ್‌ಗಳು) ಕೊಂಡ ತಂಡವನ್ನು 3-4-2-1 ಕೋಚ್ ಕೈಗೆ ಕೊಟ್ಟವರು ಯಾರು?

ಫಲಿತಾಂಶ: 2024-25ರಲ್ಲಿ 38 ಪಂದ್ಯಗಳಿಂದ 42 ಅಂಕ, 18 ಸೋಲು, 15ನೇ ಸ್ಥಾನ. 1974ರಲ್ಲಿ ಕೆಳ ದರ್ಜೆಗೆ ಇಳಿದ ಮೇಲೆ ಇಷ್ಟು ಕೆಳಗೆ ಹೋಗಿರಲಿಲ್ಲ. 17ನೇ ಸ್ಥಾನದ ಟಾಟನಮ್ ಎದುರು ಆ ಋತುವಿನಲ್ಲಿ ನಾಲ್ಕು ಪಂದ್ಯ, ನಾಲ್ಕೂ ಸೋಲು. ನಾಲ್ಕನೆಯದು ಸ್ಪೇನಿನ ಬಿಲ್ಬಾವೊದಲ್ಲಿ ನಡೆದ ಯುರೋಪಾ ಲೀಗ್ ಫೈನಲ್, ಗೆದ್ದವರಿಗೆ ಯುರೋಪಿನ ಅತಿ ದೊಡ್ಡ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ಗೆ ಪ್ರವೇಶ. ಅದು ಕೈತಪ್ಪಿದ್ದರಿಂದ ಚಾಂಪಿಯನ್ಸ್ ಲೀಗ್ ಹಣವೂ ಹೋಯಿತು. 2026ರ ಜನವರಿಯಲ್ಲಿ ಅಮೋರಿಮ್ ಕೂಡ ಹೋದರು.

ಆಟಗಾರರನ್ನು ಮಾರುವುದರಲ್ಲೂ ಇದೇ ಕಥೆ. 2025-26ರವರೆಗೆ ಇದ್ದ ಪ್ರೀಮಿಯರ್ ಲೀಗ್ ನಿಯಮದ ಪ್ರಕಾರ ಮೂರು ವರ್ಷಕ್ಕೆ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿರಲಿಲ್ಲ. ಕೊಂಡ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ. 2022ರಲ್ಲಿ ಆಂಟನಿಗೆ ಕೊಟ್ಟದ್ದು 8 ಕೋಟಿಗೂ ಹೆಚ್ಚು. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.6 ಕೋಟಿ. ಮೂರು ವರ್ಷ ಕಳೆದ ಮೇಲೂ ಪುಸ್ತಕದಲ್ಲಿ 3 ಕೋಟಿಗೂ ಹೆಚ್ಚು ಬಾಕಿ. ಸ್ಪೇನಿನ ಬೆಟಿಸ್‌ಗೆ ಮಾರಿದಾಗ ಸಿಕ್ಕದ್ದು ಅದಕ್ಕಿಂತ ಎಷ್ಟೋ ಕಡಿಮೆ. ಅಕಾಡೆಮಿಯಲ್ಲಿ ಬೆಳೆದ ಹುಡುಗನ ಲೆಕ್ಕ ಬೇರೆ: ಅವನ ಹೆಸರಿಗೆ ಬರೆದ ಬೆಲೆ ಸೊನ್ನೆ, ಮಾರಿದರೆ ಬಂದದ್ದೆಲ್ಲ ಲಾಭ. ಹಾಗಾಗಿ ಹೊರಗಿನವನನ್ನು ದುಬಾರಿಗೆ ಕೊಂಡ ತಪ್ಪಿಗೆ ದಂಡ ತೆರುವವನು ಮನೆಮಗ. ಅಂಥವನೇ ಆದ ಮ್ಯಾಕ್‌ಟಾಮಿನೆಯನ್ನು 2024ರಲ್ಲಿ ಸುಮಾರು 2.5 ಕೋಟಿಗೆ ಇಟಲಿಯ ನಾಪೊಲಿಗೆ ಕೊಟ್ಟರು. ಮೊದಲ ವರ್ಷವೇ ಆತ ಅಲ್ಲಿ ಸೀರಿ ಎ ಲೀಗ್ ಗೆದ್ದ, ಅದರ ಋತುವಿನ ಶ್ರೇಷ್ಠ ಆಟಗಾರನೂ ಆದ.

ಷೇರು ಕೊಂಡು ಒಳಗಿಂದ ಸರಿಮಾಡುತ್ತೇವೆ ಎನ್ನುವವರಿಗೆ ಒಂದು ಮಾತು. ಪೇಟೆಯಲ್ಲಿ ಸಿಗುವುದು ‘ಎ’ ಷೇರು, ಒಂದಕ್ಕೆ ಒಂದು ಮತ. ಗ್ಲೇಜರ್ ಕುಟುಂಬದ ‘ಬಿ’ ಷೇರಿಗೆ ಹತ್ತು ಮತ. ರ‍್ಯಾಟ್‌ಕ್ಲಿಫ್ ಬಂದ ಮೇಲೂ ಹೆಚ್ಚಿನ ಮತಗಳು ಆ ಕುಟುಂಬದ ಕೈಯಲ್ಲೇ ಇವೆ. ಅವರು ಹಿಂದೆ ಸರಿದದ್ದು ಕಂಡದ್ದು 2021ರ ಏಪ್ರಿಲ್‌ನಲ್ಲಿ, ಯುನೈಟೆಡ್ ಸೇರಿ ದೊಡ್ಡ ಕ್ಲಬ್ಬುಗಳು ತಾವೇ ಬೇರೆಯಾಗಿ ಮಾಡಹೊರಟಿದ್ದ ಯುರೋಪಿಯನ್ ಸೂಪರ್ ಲೀಗ್ ವಿರುದ್ಧ ಇಂಗ್ಲೆಂಡ್ ತುಂಬ ಅಭಿಮಾನಿಗಳು ಬೀದಿಗೆ ಬಂದು, ಯೋಜನೆ ಎರಡೇ ದಿನದಲ್ಲಿ ಕುಸಿದಾಗ. ಮೇ 2ರಂದು ಅಭಿಮಾನಿಗಳು ಮೈದಾನಕ್ಕೇ ನುಗ್ಗಿ ಲಿವರ್‌ಪೂಲ್ ಪಂದ್ಯ ನಿಲ್ಲಿಸಿದರು. ಆಗ ಕೂಗಿದ್ದು ಕೋಚ್ ಹೆಸರಲ್ಲ.