ಲೇಬಲ್ ಮೇಲಿನ ಆ 24

ಇವತ್ತೆಲ್ಲಾ ತಲೆಯಲ್ಲಿ ಇದೇ ಓಡುತ್ತಿದೆ. ನೆನಪಿನ ಶಕ್ತಿಗೆಂದು ಮಾರುವ, ಗಿಂಕ್ಗೊ ಮರದ ಎಲೆಯ ಮಾತ್ರೆಯ ಡಬ್ಬದ ಮೇಲೆ '24% ಫ್ಲೇವೊನಾಯ್ಡ್' ಅಂತ ಇರುತ್ತದೆ. ಫ್ಲೇವೊನಾಯ್ಡ್ ಅಂದರೆ ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕ. ಅದನ್ನು ಅಳೆಯುವುದು ಹೇಗೆ?

ಮಾಮೂಲಿ ಪರೀಕ್ಷೆಯಲ್ಲಿ ಎಲೆಯ ಸಾರವನ್ನು ಆಮ್ಲದಲ್ಲಿ ಕಾಯಿಸುತ್ತಾರೆ. ಫ್ಲೇವೊನಾಯ್ಡ್‌ಗಳಿಗೆ ಅಂಟಿಕೊಂಡ ಸಕ್ಕರೆ ಕಳಚಿಕೊಳ್ಳುತ್ತದೆ. ಉಳಿದ ಕ್ವೆರ್ಸಿಟಿನ್ ಮತ್ತದರ ಜೊತೆಯವನ್ನು ಅಳೆದು ಲೆಕ್ಕ ಹಾಕುತ್ತಾರೆ. ತೊಂದರೆ ಇರುವುದು ಇಲ್ಲೇ. ಬೇರೆ ಗಿಡದಿಂದ ತೆಗೆದ ಅಗ್ಗದ ರುಟಿನ್ (ಸಕ್ಕರೆ ಅಂಟಿಕೊಂಡ ಕ್ವೆರ್ಸಿಟಿನ್) ಬೆರೆಸಿದರೂ ಅದು ಒಡೆದು ಕ್ವೆರ್ಸಿಟಿನ್ನೇ ಆಗುತ್ತದೆ. ಕಲಬೆರಕೆ ಮಾಲು ಆರಾಮಾಗಿ ಪಾಸ್!

ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದ ಮುಂದೆ ಇದು ನಡೆಯುವುದು ಕಷ್ಟ. ಆಮ್ಲದಲ್ಲಿ ಕಾಯಿಸದೆ, ಮೊದಲು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಒಳಗೆ ಬಿಟ್ಟರೆ ಒಂದೊಂದು ಅಣುವೂ ತನ್ನ ತೂಕದ ಜಾಗದಲ್ಲಿ ಕಾಣುತ್ತದೆ. ರುಟಿನ್ (ತೂಕ ಸುಮಾರು 610, ಒಂದು ಪ್ರೋಟಾನ್ ಸೇರಿ) 611ರಲ್ಲಿ. ಅದನ್ನು ಒಡೆದರೆ 303ರಲ್ಲಿ ಕ್ವೆರ್ಸಿಟಿನ್ ಚೂರು. ಅಸಲಿ ಎಲೆಯಲ್ಲೂ ಸ್ವಲ್ಪ ರುಟಿನ್ ಇರುತ್ತದೆ, ಹಾಗಾಗಿ ಎಲೆಯ ಉಳಿದ ಫ್ಲೇವೊನಾಯ್ಡ್ ಪ್ರಮಾಣಗಳ ಜೊತೆ ಹೋಲಿಸಿಯೇ ತೀರ್ಮಾನಿಸಬೇಕು.

ಮರೆವು ಜಾಸ್ತಿಯಾಯಿತು ಅಂತ ಹೆದರಿದವರು ಈ 24 ನಂಬಿ ದುಡ್ಡು ಕೊಡುತ್ತಾರೆ ಅಲ್ವಾ? ಅವರಿಗಾಗಿಯಾದರೂ ಬರೀ ಹಳೇ ಪರೀಕ್ಷೆಗೆ ಬಿಟ್ಟು ಸುಮ್ನೆ ಕೂರಬಾರದು. ಮಾಮೂಲಿ ಪರೀಕ್ಷೆ ಅಳೆಯುವುದು ನೇರಳಾತೀತ ಬೆಳಕಿನಿಂದ. ಅದೇ ಎಲೆಯ ಇನ್ನೊಂದು ಬಗೆಯ ರಾಸಾಯನಿಕಗಳಾದ ಗಿಂಕ್ಗೊಲೈಡ್‌ಗಳಂತೂ ಆ ಬೆಳಕನ್ನು ಸರಿಯಾಗಿ ಹೀರುವುದೇ ಇಲ್ಲ. ಅವನ್ನು ಅಳೆಯುವುದಕ್ಕೂ ಈ ಯಂತ್ರವೇ ವಾಸಿ.