ಬಿಯರ್ ಕುದಿಸಲು ಸ್ಟೀಲ್ ಪಾತ್ರೆಯೋ, ಅಲ್ಯೂಮಿನಿಯಂ ಪಾತ್ರೆಯೋ?

ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿರುವ ನಮ್ಮ ಮನೆಯ ಗ್ಯಾರೇಜಿನ ಕಪಾಟಿನಲ್ಲಿ ಎರಡು ದೊಡ್ಡ ಪಾತ್ರೆಗಳನ್ನು ಬೋರಲು ಹಾಕಿ ಇಟ್ಟಿದ್ದೇನೆ. ಒಂದು 28 ಲೀಟರ್ ಹಿಡಿಯುವ ಅಲ್ಯೂಮಿನಿಯಂ ಪಾತ್ರೆ. ಅದರ ಒಳಮೈ ಬೂದಿಬಣ್ಣಕ್ಕೆ ತಿರುಗಿ ವರ್ಷಗಳಾಗಿವೆ. ಇನ್ನೊಂದು 38 ಲೀಟರಿನ ಸ್ಟೀಲ್ ಪಾತ್ರೆ; ತೊಳೆದು ಒರೆಸಿದರೆ ಇಂದಿಗೂ ಅದರಲ್ಲಿ ಮುಖ ಕಾಣುತ್ತದೆ. ಮನೆಯಲ್ಲಿ ಬಿಯರ್ ತಯಾರಿಸುವುದನ್ನು ಹೊಸದಾಗಿ ಆರಂಭಿಸುವ ಗೆಳೆಯರು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ), ಯೀಸ್ಟ್‌ಗಳ ವಿಚಾರಕ್ಕಿಂತ ಮೊದಲು ಕೇಳುವುದು ಯಾವ ಪಾತ್ರೆ ಕೊಳ್ಳಬೇಕು ಎಂಬುದನ್ನೇ. ಎರಡರಲ್ಲಿಯೂ ಸಾಕಷ್ಟು ಸಲ ಕುದಿಸಿರುವುದರಿಂದ, ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಕಾನೂನಿನ ಬಗ್ಗೆ ಒಂದು ಮಾತು ಹೇಳಬೇಕು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಅಮೆರಿಕದಲ್ಲಿ ಇಬ್ಬರು ವಯಸ್ಕರಿರುವ ಮನೆಯವರು ತಮ್ಮ ಬಳಕೆಗೆಂದು ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆ ಕಟ್ಟದೆ ತಯಾರಿಸಬಹುದು. ಕರ್ನಾಟಕದಲ್ಲಿ ಹಾಗಿಲ್ಲ, 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ಬರೆದಿರುವುದು ಅನುಮತಿ ಇರುವ ಕಡೆಗಳಲ್ಲಿ ವಾಸಿಸುವವರಿಗೆ.

ಪಾತ್ರೆ ಮಾಡಬೇಕಾದ ಕೆಲಸ ಯಾವುದು ಎಂಬುದು ತಿಳಿದರೆ ಲೋಹದ ಪ್ರಶ್ನೆ ಅರ್ಧ ಬಗೆಹರಿಯುತ್ತದೆ. ಇಲ್ಲಿ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 5 ಗ್ಯಾಲನ್, ಅಂದರೆ 19 ಲೀಟರ್ ಬಿಯರ್ ತಯಾರಿಸುತ್ತೇವೆ. ವರ್ಟ್ ಎಂದು ಕರೆಯುವ ಮಾಲ್ಟಿನ ಸಿಹಿ ರಸವನ್ನು ಹಾಪ್ಸ್ ಜೊತೆ ಒಂದು ಗಂಟೆ ಮುಚ್ಚಳ ತೆರೆದು ಕುದಿಸಬೇಕಾಗಿರುವುದರಿಂದ, ಆ ಹೊತ್ತಿನಲ್ಲಿ ನಾಲ್ಕೈದು ಲೀಟರ್ ಆವಿಯಾಗಿ ಹೋಗುತ್ತದೆ. ತಳದಲ್ಲಿ ಉಳಿಯುವ ಗಸಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆರಂಭದಲ್ಲಿ ಸುಮಾರು 26 ಲೀಟರ್ ಒಲೆಯ ಮೇಲಿರಬೇಕು. ಕುದಿ ಬರುವ ಕ್ಷಣದಲ್ಲಿ ಮಾಲ್ಟಿನ ಪ್ರೋಟೀನ್ ನೊರೆಯಾಗಿ ಹಾಲು ಉಕ್ಕಿದಂತೆ ಉಕ್ಕುತ್ತದೆ. ನನ್ನ 28 ಲೀಟರಿನ ಪಾತ್ರೆಯಲ್ಲಿ ಆ ಐದು ನಿಮಿಷ ಕೈಯಲ್ಲಿ ಸೌಟು ಹಿಡಿದು, ಇನ್ನೊಂದು ಕೈಯನ್ನು ಒಲೆಯ ತಿರುಪಿನ ಮೇಲಿಟ್ಟು ನಿಲ್ಲಬೇಕಾಗಿತ್ತು. ಆದ್ದರಿಂದ ಲೋಹ ಯಾವುದೇ ಇರಲಿ, ಪೂರ್ತಿ ರಸವನ್ನು ಕುದಿಸುವವರು 30 ಲೀಟರಿಗಿಂತ ಚಿಕ್ಕ ಪಾತ್ರೆಯನ್ನು ಕೊಳ್ಳಬಾರದು ಎಂದು ಒತ್ತಿ ಹೇಳುತ್ತೇನೆ.

ಅಲ್ಯೂಮಿನಿಯಂ ಎಂದೊಡನೆ ಎಲ್ಲರೂ ಆರೋಗ್ಯದ ಮಾತನ್ನೇ ಎತ್ತುತ್ತಾರೆ. ನಮ್ಮ ಅಮ್ಮ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅನ್ನಕ್ಕೆ ನೀರಿಡುತ್ತಿದ್ದರೇ ಹೊರತು ಅದರಲ್ಲಿ ಎಂದೂ ಸಾರು, ಹುಳಿ ಮಾಡುತ್ತಿರಲಿಲ್ಲ. ನಾನು ಫೋನಿನಲ್ಲಿ ಈ ಪಾತ್ರೆಯ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅದ್ರಲ್ಲಿ ಹುಳಿ ಪದಾರ್ಥ ಏನೂ ಹಾಕಲ್ಲ ತಾನೇ?" ವಿಜ್ಞಾನ ಹೇಳುವುದೂ ಅದನ್ನೇ. ಅಲ್ಯೂಮಿನಿಯಂ ಗಾಳಿಗೆ ತಗುಲಿದ ಕೂಡಲೇ ಅದರ ಮೇಲ್ಮೈಯಲ್ಲಿ ಆಕ್ಸೈಡಿನ ತೆಳುಪದರ ಕಟ್ಟುತ್ತದೆ, ಮತ್ತು ಆ ಪದರ ಸುಮಾರು 4.5ರಿಂದ 8.5ರವರೆಗಿನ ಪಿಎಚ್‌ನಲ್ಲಿ ಕರಗದೆ ನಿಲ್ಲುತ್ತದೆ. ಹುಣಸೆರಸದ ಪಿಎಚ್ 3ಕ್ಕಿಂತಲೂ ಕೆಳಗಿಳಿಯಬಲ್ಲದು. ಕುದಿಯುವ ವರ್ಟಿನ ಪಿಎಚ್ 5.2ರಿಂದ 5.5ರ ಆಸುಪಾಸಿನಲ್ಲಿರುತ್ತದೆ. ಪಿಎಚ್‌ನಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ 10 ಪಟ್ಟು ಏರುವುದರಿಂದ ಇವೆರಡರ ನಡುವಿನ ಅಂತರ ನೂರು ಪಟ್ಟಿಗೂ ಹೆಚ್ಚು. ಒಂದು ಗಂಟೆ ಕುದಿದು, ತಣಿದು, ಬೇರೆ ಪಾತ್ರೆಗೆ ಹೋಗುವ ವರ್ಟ್ ಆ ಪದರವನ್ನು ಕಾಡುವುದಿಲ್ಲ.

ಅಲ್ಯೂಮಿನಿಯಂ ಪಾತ್ರೆಯಿಂದ ಅಲ್ಝೈಮರ್ ಬರುತ್ತದೆ ಎಂಬ ಭಯ 1960 ಮತ್ತು 70ರ ದಶಕಗಳಲ್ಲಿ ಹುಟ್ಟಿದ್ದು. ನಂತರದ ಸಂಶೋಧನೆಗಳು ಅದಕ್ಕೆ ಆಧಾರ ಒದಗಿಸಲಿಲ್ಲ. ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ಅದನ್ನು ತಪ್ಪು ನಂಬಿಕೆಗಳ ಸಾಲಿಗೆ ಸೇರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 2011ರಲ್ಲಿ ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 2 ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿತು. 70 ಕಿಲೋ ತೂಕದವರಿಗೆ ಅದು ವಾರಕ್ಕೆ 140 ಮಿಲಿಗ್ರಾಂ ಆಗುತ್ತದೆ. ನಾವು ದಿನವೂ ಕುಡಿಯುವ ಚಹಾದ ಎಲೆಯಲ್ಲಿಯೂ ಅಲ್ಯೂಮಿನಿಯಂ ಇದೆ. ಮೂತ್ರಪಿಂಡದ ತೊಂದರೆ ಇರುವವರ ದೇಹ ಅದನ್ನು ಸರಿಯಾಗಿ ಹೊರಹಾಕಲಾರದು. ಅಂಥವರು ವೈದ್ಯರನ್ನು ಕೇಳಲೇಬೇಕು. ಉಳಿದವರು ಕುದಿಸುವುದಕ್ಕೆ ಅಲ್ಯೂಮಿನಿಯಂ ಬಳಸಲು ಹೆದರಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಹುದುಗಿಸುವುದಕ್ಕೆ ಅದು ಬೇಡವೇ ಬೇಡ. ಹುದುಗಿದ ಬಿಯರಿನ ಪಿಎಚ್ 4ರಿಂದ 4.5ಕ್ಕೆ ಇಳಿದಿರುತ್ತದೆ ಮತ್ತು ಅದು ವಾರಗಟ್ಟಲೆ ಅಲ್ಲಿಯೇ ನಿಂತಿರುತ್ತದೆ. ಅಂಗಡಿಯ ಬಿಯರ್ ಕ್ಯಾನುಗಳು ಅಲ್ಯೂಮಿನಿಯಮ್ಮಿನವೇ ಆಗಿದ್ದರೂ ಅವುಗಳ ಒಳಗೆ ಲೇಪ ಹಚ್ಚಿರುವುದು ಈ ಕಾರಣಕ್ಕಾಗಿಯೇ. ಪಾತ್ರೆಯಲ್ಲಿಯೇ ಒಂದೆರಡು ದಿನ ಇಟ್ಟು ಹುಳಿಯಾಗಿಸುವ ಬಗೆಯ ಬಿಯರಿಗೂ ಸ್ಟೀಲೇ ಆಗಬೇಕು.

ಎರಡನೆಯದು ಕಾಯುವ ವೇಗದ ಮಾತು. ಅಲ್ಯೂಮಿನಿಯಂ ಶಾಖವನ್ನು ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಿಸುತ್ತದೆ ಎಂಬುದು ನಿಜ. ಹಾಗಾಗಿ ಅದರಲ್ಲಿ ಬೇಗ ಕುದಿ ಬರುತ್ತದೆ ಎಂದು ನಾನೂ ನಂಬಿದ್ದೆ. ಒಂದು ಸಂಜೆ ಕುಳಿತು ಲೆಕ್ಕ ಹಾಕಿದಾಗ ಬೇರೆಯದೇ ಕಂಡಿತು. 26 ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 8,700 ಕಿಲೋಜೂಲ್ ಬೇಕು. 3 ಕಿಲೋ ತೂಕದ ಅಲ್ಯೂಮಿನಿಯಂ ಪಾತ್ರೆ ತಾನು ಕಾಯಲು ಕುಡಿಯುವುದು ಸುಮಾರು 216 ಕಿಲೋಜೂಲ್, 5 ಕಿಲೋ ತೂಕದ ಸ್ಟೀಲ್ ಪಾತ್ರೆ ಕುಡಿಯುವುದು ಸುಮಾರು 200. ಪಾತ್ರೆಯ ಪಾಲು ಎರಡರಲ್ಲಿಯೂ ಅಲ್ಪವೇ. ಇನ್ನು ಶಾಖಕ್ಕೆ ನಿಜವಾಗಿ ತಡೆಯೊಡ್ಡುವುದು ಒಂದೆರಡು ಮಿಲಿಮೀಟರ್ ದಪ್ಪದ ಲೋಹವಲ್ಲ, ಉರಿಯ ಬಿಸಿಗಾಳಿ ತಳಕ್ಕೆ ತನ್ನ ಶಾಖವನ್ನು ಒಪ್ಪಿಸುವ ಜಾಗ. ಹೀಗಾಗಿ ಒಂದೇ ಒಲೆ, ಒಂದೇ ಅಗಲದ ತಳವಿದ್ದರೆ ಕುದಿ ಬರುವ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು.

ಶಾಖ ತಳದಲ್ಲಿ ಹೇಗೆ ಹರಡುತ್ತದೆ ಎಂಬುದು ಮಾತ್ರ ಬಹಳ ಮುಖ್ಯ. ನನ್ನ ಮೊದಲ ಪಾತ್ರೆ ಇವೆರಡೂ ಅಲ್ಲ, 20 ಲೀಟರಿನ ತೆಳು ಸ್ಟೀಲ್ ಪಾತ್ರೆ. ಅದನ್ನು ಅಡುಗೆಮನೆಯ ವಿದ್ಯುತ್ ಸುರುಳಿ ಒಲೆಯ ಮೇಲಿಟ್ಟು, ನೀರು ಕುದಿಯುತ್ತಿರುವಾಗಲೇ ಜೇನಿನಂತೆ ಗಟ್ಟಿಯಾದ ಮಾಲ್ಟ್ ಪಾಕವನ್ನು ಸುರಿದೆ. ನೀರಿಗಿಂತ ಭಾರವಾದ ಆ ಪಾಕ ನೇರವಾಗಿ ತಳಕ್ಕೆ ಇಳಿದು ಅಲ್ಲಿಯೇ ಕುಳಿತಿತು. ಕಲಕಲು ಸೌಟು ಹಾಕಿದಾಗ ತಳದಲ್ಲಿ ಏನೋ ಅಂಟಂಟಾಗಿ ತಡೆಯಿತು, ಹಿಂದೆಯೇ ಪಾಯಸ ಸೀದ ವಾಸನೆ ಬಂದಿತು. ಕೊನೆಯಲ್ಲಿ ರಸ ಬಸಿದು ನೋಡಿದರೆ, ತಳದ ಮೇಲೆ ಒಲೆಯ ಸುರುಳಿಯನ್ನು ಅಚ್ಚೊತ್ತಿದಂತೆ ಕಪ್ಪು ಬಳೆಗಳು ಒಂದರೊಳಗೊಂದು ಮೂಡಿದ್ದವು. ಬಳೆಗಳ ನಡುವಿನ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ತೆಳು ಸ್ಟೀಲ್ ಶಾಖವನ್ನು ಪಕ್ಕಕ್ಕೆ ಹರಡದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಚಿತ್ರ ಬೇಕಿಲ್ಲ. ಆರು ವಾರದ ನಂತರ ಬಾಟಲಿ ತೆರೆದಾಗಲೂ ಆ ಸೀದ ರುಚಿ ಹೋಗಿರಲಿಲ್ಲ. 19 ಲೀಟರನ್ನೂ ಚೆಲ್ಲಿದೆವು. ಅಂದಿನಿಂದ ಪಾಕ ಸುರಿಯುವ ಮೊದಲು ಒಲೆ ಆರಿಸುವುದನ್ನು ನಾನು ತಪ್ಪಿಸಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಟರ್ಕಿ ಕೋಳಿಯನ್ನು ಇಡಿಯಾಗಿ ಕರಿಯಲೆಂದು ಮಾರುವ ಅಲ್ಯೂಮಿನಿಯಂ ಪಾತ್ರೆ ಮತ್ತು ಪ್ರೊಪೇನ್ ಒಲೆಯ ಜೋಡಿಯನ್ನು ಕೊಂಡೆ. ಇಲ್ಲಿ ಬಿಯರ್ ತಯಾರಿಸುವ ಬಹಳ ಜನ ಹೀಗೆಯೇ ಆರಂಭಿಸಿದವರು. ಹೊಳೆಯುವ ಹೊಸ ಪಾತ್ರೆಯಲ್ಲಿ ನೀರು ತುಂಬಿ ಒಂದು ಗಂಟೆ ಕುದಿಸಿದಾಗ, ಒಳಮೈ ನೀರಿನ ಮಟ್ಟದವರೆಗೂ ಬೂದಿಬಣ್ಣಕ್ಕೆ ತಿರುಗಿತು. ಅದು ಕೊಳೆಯಲ್ಲ, ದಪ್ಪವಾದ ಆಕ್ಸೈಡ್ ಪದರ. ಅದನ್ನು ಉಳಿಸಿಕೊಂಡರೇ ಪಾತ್ರೆಗೂ ಬಿಯರಿಗೂ ಒಳ್ಳೆಯದು. ಉರಿ ಜೋರಾಗಿದ್ದರೂ ಆ ಪಾತ್ರೆಯಲ್ಲಿ ನನ್ನ ರಸ ಎಂದೂ ತಳ ಹಿಡಿಯಲಿಲ್ಲ. (ಪ್ರೊಪೇನ್ ಒಲೆಯನ್ನು ಗ್ಯಾರೇಜಿನೊಳಗೆ ಉರಿಸಬಾರದು. ಬಾಗಿಲು ತೆರೆದಿದ್ದರೂ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳುತ್ತದೆ; ನಾನು ಹಿತ್ತಿಲಿನಲ್ಲಿಯೇ ಕುದಿಸುತ್ತೇನೆ.)

ಆ ಪಾತ್ರೆಯನ್ನು ಕೆಡಿಸಿದ್ದು ಉರಿಯಲ್ಲ, ನಾನು ತೊಳೆದ ರೀತಿ. ಹಾಪ್ಸ್‌ನ ಅಂಟು ಮತ್ತು ಮಾಲ್ಟಿನ ಕಂದು ಗೆರೆ ಹೋಗಲೆಂದು ಬಟ್ಟೆ ಒಗೆಯುವ ಪರ್ಕಾರ್ಬೊನೇಟ್ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ರಾತ್ರಿಯೆಲ್ಲ ನೆನೆಹಾಕಿದೆ. ಬೆಳಿಗ್ಗೆ ನೀರು ಚೆಲ್ಲಿದಾಗ ಒಳಮೈ ಕಾಡಿಗೆಯಂತೆ ಕಪ್ಪಾಗಿತ್ತು, ಬೆರಳಿನಿಂದ ಉಜ್ಜಿದರೆ ಬೆರಳೂ ಕಪ್ಪಾಯಿತು, ಅಲ್ಲಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಗುಳಿಗಳು ಬಿದ್ದಿದ್ದವು. ಆಮ್ಲದಂತೆಯೇ ತೀಕ್ಷ್ಣ ಕ್ಷಾರವೂ ಆಕ್ಸೈಡ್ ಪದರವನ್ನು ತಿನ್ನುತ್ತದೆ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ನಿಂಬೆರಸ ಬೆರೆಸಿದ ನೀರನ್ನು ಕುದಿಸಿ ಆ ಕಪ್ಪನ್ನು ತೆಗೆದು, ತೊಳೆದು, ಮತ್ತೆ ಬರಿಯ ನೀರನ್ನು ಒಂದು ಗಂಟೆ ಕುದಿಸಿ ಪದರ ಕಟ್ಟಿಸಿದೆ. ಪಾತ್ರೆ ಉಳಿಯಿತು, ಗುಳಿಗಳೂ ಉಳಿದವು. ಅಂದಿನಿಂದ ಅದಕ್ಕೆ ಮೆತ್ತನೆಯ ಸ್ಪಂಜು, ಪಾತ್ರೆ ತೊಳೆಯುವ ಸೌಮ್ಯ ಸೋಪು, ಕೂಡಲೇ ತೊಳೆದು ಒರೆಸುವ ಅಭ್ಯಾಸ ಇಷ್ಟೇ.

ನಾನು ಕೊನೆಗೆ ಸ್ಟೀಲಿಗೆ ಬಂದದ್ದು ಈ ಒಂದೇ ಕಾರಣಕ್ಕೆ. ಬಿಯರ್ ತಯಾರಿಸುವ ದಿನ ಐದಾರು ಗಂಟೆ ಹಿಡಿಯುತ್ತದೆ. ರಸವನ್ನು ತಣಿಸಿ ಯೀಸ್ಟ್ ಹಾಕುವ ಹೊತ್ತಿಗೆ ಕತ್ತಲಾಗಿ ಮೈ ಸೋತಿರುತ್ತದೆ. ಆಗ ಕ್ಷಾರದ ಪುಡಿ ಹಾಕಿ ನೆನೆಯಲು ಬಿಟ್ಟು ಮಲಗಲು ಸಾಧ್ಯವಾಗುವುದು ಸ್ಟೀಲ್ ಪಾತ್ರೆಯಲ್ಲಿ ಮಾತ್ರ. ಕಾಲಾಂತರದಲ್ಲಿ ಒಳಗೆ ಕಟ್ಟುವ ಕ್ಯಾಲ್ಸಿಯಂ ಆಕ್ಸಲೇಟಿನ ಕಲ್ಲಿನಂಥ ಪದರವನ್ನು ಬಿಡಿಸಲು ಕ್ಷಾರ ಮತ್ತು ಆಮ್ಲ ಎರಡೂ ಬೇಕಾಗುತ್ತವೆ, ಸ್ಟೀಲ್ ಎರಡನ್ನೂ ತಾಳುತ್ತದೆ. ಅದರಲ್ಲಿರುವ ಕ್ರೋಮಿಯಂ ಕಟ್ಟುವ ಆಕ್ಸೈಡ್ ಪದರ ಅಷ್ಟು ಗಟ್ಟಿ. ಸ್ಟೀಲಿಗೆ ಆಗದೆ ಇರುವುದು ಕ್ಲೋರಿನ್. ಬ್ಲೀಚಿನಲ್ಲಿ ನೆನೆಹಾಕಿದರೆ ಸ್ಟೀಲಿಗೂ ಗುಳಿ ಬೀಳುತ್ತದೆ.

ಸ್ಟೀಲ್ ಕೊಳ್ಳುವವರು ತಳವನ್ನು ಮೊದಲು ನೋಡಬೇಕು. ಎರಡು ಸ್ಟೀಲ್ ಹಾಳೆಗಳ ನಡುವೆ ದಪ್ಪ ಅಲ್ಯೂಮಿನಿಯಂ ಬಿಲ್ಲೆಯನ್ನು ಸೇರಿಸಿದ ತಳವಿದ್ದರೆ ಶಾಖ ಸಮನಾಗಿ ಹರಡುತ್ತದೆ, ನನ್ನ ಮೊದಲ ಪಾತ್ರೆಯ ಕಪ್ಪು ಬಳೆಗಳು ಅದರಲ್ಲಿ ಮೂಡುವುದಿಲ್ಲ. ಆಯಸ್ಕಾಂತ ಅಂಟಿದರೆ ಕಳಪೆ ಸ್ಟೀಲ್ ಎಂಬ ನಮ್ಮೂರ ಕಡೆಯ ನಂಬಿಕೆಯನ್ನು ಇಲ್ಲಿ ಬಿಡಬೇಕಾಗುತ್ತದೆ. 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುವ 304 ದರ್ಜೆಗೂ, ನಿಕಲ್ ತಗ್ಗಿಸಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 201 ದರ್ಜೆಗೂ ಆಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಬೇಗ ತುಕ್ಕಿನ ಚುಕ್ಕೆ ಕಾಣುವುದು ಎರಡನೆಯದರಲ್ಲಿ. ಇಂಡಕ್ಷನ್ ಒಲೆ ಇರುವವರಿಗಂತೂ ಆಯಸ್ಕಾಂತ ಹಿಡಿಯುವ ತಳವೇ ಬೇಕು, ಬರಿಯ ಅಲ್ಯೂಮಿನಿಯಂ ಪಾತ್ರೆ ಅದರ ಮೇಲೆ ಕಾಯುವುದೇ ಇಲ್ಲ.

ಇನ್ನು ನಲ್ಲಿಯ ವಿಷಯ. ಕುದಿಯುವ 20 ಕಿಲೋಗೂ ಹೆಚ್ಚು ತೂಕದ ರಸವನ್ನು ಯಾರೂ ಎತ್ತಿ ಸುರಿಯಬಾರದು. ಪಾತ್ರೆಯ ಕೆಳಭಾಗದಲ್ಲಿ ನಲ್ಲಿ ಇರಲೇಬೇಕು. ಅಲ್ಯೂಮಿನಿಯಮ್ಮಿಗೆ ಮೆಟ್ಟಿಲು ಡ್ರಿಲ್ ಬಿಟ್ಟಿನಿಂದ ಕೆಲವೇ ನಿಮಿಷಗಳಲ್ಲಿ ನಾನೇ ತೂತು ಕೊರೆದು, ಸಿಲಿಕೋನ್ ವಾಷರ್ ಹಾಕಿ ನಲ್ಲಿ ಕೂರಿಸಿದೆ. ಸ್ಟೀಲ್ ಹಾಗಲ್ಲ, ಡ್ರಿಲ್ ವೇಗವಾಗಿ ತಿರುಗಿದರೆ ಕೊರೆಯುವ ಜಾಗವೇ ಇನ್ನಷ್ಟು ಗಡುಸಾಗಿಬಿಡುತ್ತದೆ, ಎಣ್ಣೆ ಹಾಕುತ್ತಾ ನಿಧಾನವಾಗಿ ಕೊರೆಯಬೇಕು. ನಲ್ಲಿ ಇರುವ ಸ್ಟೀಲ್ ಪಾತ್ರೆಯನ್ನೇ ಕೊಳ್ಳುವುದು ಮೇಲು.

ಹೊಸಬರಿಗೆ ನಾನು ಹೇಳುವುದು ಇಷ್ಟು. ಹೊರಗಡೆ ಗ್ಯಾಸ್ ಒಲೆಯಲ್ಲಿ ಕುದಿಸುವವರು, ಈ ಹವ್ಯಾಸ ಉಳಿಯುತ್ತದೆಯೋ ಇಲ್ಲವೋ ಎಂದು ಇನ್ನೂ ಖಚಿತವಿಲ್ಲದವರು ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆಯನ್ನು ಧೈರ್ಯವಾಗಿ ಕೊಳ್ಳಲಿ. ಅದೇ ಬೆಲೆಗೆ ಸಿಗುವ ತೆಳು ಸ್ಟೀಲ್ ಪಾತ್ರೆಗಿಂತ ಅದು ಖಂಡಿತ ಉತ್ತಮ. ಇಂಡಕ್ಷನ್ ಇರುವವರು, ಹುಳಿ ಬಿಯರ್ ಮಾಡಬೇಕೆಂದಿರುವವರು, ರಾತ್ರಿ ನೆನೆಹಾಕಿ ಬೆಳಿಗ್ಗೆ ತೊಳೆಯುವ ಸ್ವಭಾವದವರು ಸ್ವಲ್ಪ ಕಾದು ಹಣ ಕೂಡಿಸಿ ಪದರದ ತಳದ ಸ್ಟೀಲ್ ಪಾತ್ರೆಯನ್ನೇ ತರಲಿ. ನನ್ನ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಈಗ ಬಾರ್ಲಿ ನೆನೆಸುವ ಬಿಸಿನೀರನ್ನು ಮಾತ್ರ ಕಾಯಿಸುತ್ತೇನೆ. ಪ್ರತಿ ಸಲವೂ ಅದು ಮೊದಲು ಒಲೆ ಏರುತ್ತದೆ, ಅದರ ನೀರು ಖಾಲಿಯಾದ ಮೇಲೆ ಸ್ಟೀಲ್ ಪಾತ್ರೆಯ ಸರದಿ.