ಸೈಟೇಶನ್ ನಾನೂರಿದ್ದರೂ ಆರ್‌ಎಫ್‌ಇ ಬರುವುದು ಯಾಕೆ?

ಅಮೆರಿಕದಲ್ಲಿರುವ ಸಂಶೋಧಕರಿಗೆ ಐ-140 ಪಿಟಿಷನ್ (ಉದ್ಯೋಗ ವರ್ಗದ ಗ್ರೀನ್ ಕಾರ್ಡ್‌ಗಾಗಿ ಹಾಕುವ ಅರ್ಜಿ) ತಯಾರಿಸಿಕೊಡುವವರನ್ನು ಎಲ್ಲರೂ ಮೊದಲು ಕೇಳುವುದು ಇದನ್ನೇ: "ಗೂಗಲ್ ಸ್ಕಾಲರ್‌ನಲ್ಲಿ ನನಗೆ ಇಷ್ಟು ಸೈಟೇಶನ್ ಇದೆ, ಸಾಕಾಗುತ್ತಾ?" ಇಷ್ಟಿದ್ದರೆ ಪಾಸು, ಇಲ್ಲದಿದ್ದರೆ ಫೇಲು ಅನ್ನುವ ಕಟ್‌ಆಫ್ ನಿಯಮದಲ್ಲಿ ಎಲ್ಲೂ ಇಲ್ಲ. ಫೈಲು ಓದುವ ಅಧಿಕಾರಿ ನಿಮ್ಮ ವಿಷಯದ ವಿಜ್ಞಾನಿಯೂ ಅಲ್ಲ. ನಾನೂರು ಸೈಟೇಶನ್ (ಬೇರೆ ಪೇಪರ್‌ಗಳು ನಿಮ್ಮದನ್ನು ಉಲ್ಲೇಖಿಸಿದ್ದು) ಅನ್ನುವುದು ಹೆಚ್ಚೋ ಕಡಿಮೆಯೋ ಅಂತ ಅವರಿಗೆ ನೀವೇ ತೋರಿಸಿಕೊಡಬೇಕು. ಇಲ್ಲದಿದ್ದರೆ ಆರ್‌ಎಫ್‌ಇ, ಅಂದರೆ ಇನ್ನಷ್ಟು ಪುರಾವೆ ಕೊಡಿ ಎನ್ನುವ ನೋಟಿಸು, ಬರಬಹುದು.

ಅಸಾಧಾರಣ ಸಾಮರ್ಥ್ಯ ಇರುವವರ ಗ್ರೀನ್ ಕಾರ್ಡ್ ವರ್ಗವಾದ ಇಬಿ-1ಎಗೆ 10 ಮಾನದಂಡಗಳಲ್ಲಿ ಕನಿಷ್ಠ 3 ದಾಟಬೇಕು. ವಿಜ್ಞಾನಿಗಳು ಸಾಮಾನ್ಯವಾಗಿ ಹಿಡಿಯುವ ಮೂರು: ಪ್ರಕಟಿತ ಪೇಪರ್, ಪೀರ್ ರಿವ್ಯೂ (ಬೇರೆಯವರ ಪೇಪರ್ ಪರಿಶೀಲಿಸಿಕೊಡುವುದು), ಮತ್ತು ಕ್ಷೇತ್ರಕ್ಕೆ ಕೊಟ್ಟ ಮಹತ್ವದ ಸ್ವಂತ ಕೊಡುಗೆ. ಮೊದಲೆರಡರಲ್ಲಿ ಹೆಚ್ಚು ತಕರಾರಿಲ್ಲ. ರಿವ್ಯೂ ಮಾಡಿ ಎಂದು ಜರ್ನಲ್ ಕಳಿಸಿದ ಆಹ್ವಾನದ ಈಮೇಲ್ ಒಂದನ್ನೇ ಲಗತ್ತಿಸಬೇಡಿ. ರಿವ್ಯೂ ಮುಗಿಸಿಕೊಟ್ಟಿದ್ದಕ್ಕೆ ಪುರಾವೆ ಬೇಕು. ಎಡವುವುದು ಮೂರನೆಯದರಲ್ಲಿ. ಅದನ್ನೂ ದಾಟಿದರೆ 2010ರ ಕಜಾರಿಯನ್ ಕೋರ್ಟ್ ತೀರ್ಪಿನ ನಂತರ ಬಂದ ಎರಡನೇ ಹಂತ ಇದೆ: ಎಲ್ಲ ದಾಖಲೆ ಒಟ್ಟಿಗಿಟ್ಟು ನೋಡಿದಾಗ ಈ ವ್ಯಕ್ತಿ ನಿಜಕ್ಕೂ ಕ್ಷೇತ್ರದ ಮೇಲ್ತುದಿಯಲ್ಲಿರುವ ಕೆಲವರಲ್ಲಿ ಒಬ್ಬರಾ? ಮೂರು ಟಿಕ್ ಬಿದ್ದ ಮೇಲೂ ತಿರಸ್ಕಾರ ಆಗುವುದು ಇಲ್ಲೇ.

ಹಾಗಾಗಿ ಶ್ರಮವೆಲ್ಲ ಕೊಡುಗೆಯ ಭಾಗಕ್ಕೆ ಹೋಗಬೇಕು. ಇಪ್ಪತ್ತು ಪೇಪರ್ ಇದ್ದರೂ ಎರಡೋ ಮೂರೋ ಕೊಡುಗೆ ಆರಿಸಿಕೊಳ್ಳಿ. ಆಮೇಲೆ ಆ ಪೇಪರ್‌ಗಳನ್ನು ಉಲ್ಲೇಖಿಸಿದವುಗಳನ್ನು ಒಂದೊಂದಾಗಿ ತೆರೆದು ಓದಿ. ಬೇಸರದ ಕೆಲಸವೇ, ಆದರೆ ಬೇರೆ ದಾರಿ ಇಲ್ಲ. ನಿಮ್ಮದೂ ಗೈಡ್‌ದೂ ಸಹಲೇಖಕರದೂ ಆದ ಉಲ್ಲೇಖಗಳನ್ನು ಮೊದಲು ಪಕ್ಕಕ್ಕಿಡಿ. ಉಳಿದವುಗಳಲ್ಲಿ ಪೀಠಿಕೆಯ ಒಂದು ವಾಕ್ಯಕ್ಕೆ "12ರಿಂದ 19" ಅಂತ ಗುಂಪಾಗಿ ಹಾಕಿದ ಉಲ್ಲೇಖಕ್ಕೆ ಬೆಲೆ ಕಡಿಮೆ. "ಮಾದರಿಗಳನ್ನು ಇವರ ವಿಧಾನದಂತೆ ತಯಾರಿಸಲಾಯಿತು" ಅಂತ ಪ್ರಯೋಗವಿಧಾನದ ಭಾಗದಲ್ಲಿ ಬಂದದ್ದು, ಅಥವಾ ಫಲಿತಾಂಶದ ಕೋಷ್ಟಕದಲ್ಲಿ ನಿಮ್ಮ ಅಳತೆಯ ಜೊತೆ ತಮ್ಮದನ್ನು ಹೋಲಿಸಿದ್ದು ಸಿಕ್ಕರೆ ಅದೇ ಚಿನ್ನ. ಆ ಪುಟ, ಪೇಪರಿನ ಮೊದಲ ಪುಟ, ನಿಮ್ಮ ಹೆಸರಿರುವ ರೆಫರೆನ್ಸ್ ಪುಟ, ಮೂರನ್ನೂ ಒಟ್ಟಿಗೆ ಇಟ್ಟು ವಾಕ್ಯಕ್ಕೆ ಹಳದಿ ಬಳಿಯಿರಿ. ಯಾವ ದೇಶದ ಯಾವ ಸಂಸ್ಥೆ, ಏನನ್ನು ಬಳಸಿದರು ಅಂತ ಪಕ್ಕದಲ್ಲಿ ಎರಡು ಸಾಲು ಬರೆಯಿರಿ. ಇಂಥ ಹತ್ತು ಸಿಕ್ಕರೆ ಬರೀ ನಾನೂರಕ್ಕಿಂತ ಗಟ್ಟಿ.

ಸಂಖ್ಯೆಯನ್ನೂ ಬಿಡಬೇಡಿ. ಕ್ಲಾರಿವೇಟ್‌ನ ಇಎಸ್‌ಐ ಸೈಟೇಶನ್ ಅಂಕಿಅಂಶದ ಕೋಷ್ಟಕದಲ್ಲಿ ಕ್ಷೇತ್ರ ಮತ್ತು ಪ್ರಕಟಣೆಯ ವರ್ಷ ನೋಡಿಕೊಂಡು, ಆ ವರ್ಷದ ಪೇಪರ್‌ಗಳಲ್ಲಿ ನಿಮ್ಮದು ಮೇಲಿನ ಶೇ 1ರಲ್ಲಿದೆಯೋ ಶೇ 10ರಲ್ಲಿದೆಯೋ ತೋರಿಸಿ. ಗಣಿತದವರ ಎಣಿಕೆಯನ್ನು ಆಣ್ವಿಕ ಜೀವಶಾಸ್ತ್ರದವರ ಅಳತೆಗೋಲಿನಲ್ಲಿ ನೋಡಿದರೆ ಪಾಪ ಗಣಿತದವರಿಗೆ ಅನ್ಯಾಯ.

ಶಿಫಾರಸು ಪತ್ರಗಳ ವಿಷಯಕ್ಕೆ ಬಂದರೆ, ಐದಾರು ಸಾಕು. ಅರ್ಧಕ್ಕಿಂತ ಹೆಚ್ಚು ನಿಮ್ಮ ಜೊತೆ ಎಂದೂ ಕೆಲಸ ಮಾಡದವರಿಂದ ಬರಲಿ. "ಅಸಾಧಾರಣ ಪ್ರತಿಭೆ" ಅನ್ನುವ ಮಾತಿಗೆ ತೂಕವಿಲ್ಲ. ನಿಮ್ಮ ವಿಧಾನ ಬರುವ ಮೊದಲು ತಮ್ಮ ಲ್ಯಾಬಿನಲ್ಲಿ ಏನು ಮಾಡುತ್ತಿದ್ದರು, ಈಗ ಏನು ಬದಲಾಯಿತು ಅಂತ ಬರೆದರೆ ತೂಕ. ಎರಡು ಪತ್ರಗಳಲ್ಲಿ ಒಂದೇ ವಾಕ್ಯ ಕಂಡರೆ ಎಲ್ಲ ಪತ್ರಗಳ ಮೇಲೂ ಅನುಮಾನ ಬೀಳುತ್ತದೆ. ಪತ್ರ ಹೇಳಿದ್ದಕ್ಕೆ ಫೈಲಿನಲ್ಲೂ ದಾಖಲೆ ಇರಲೇಬೇಕು.

ಶುಲ್ಕ ಕಟ್ಟಿ ಪಡೆದ ಸಂಘದ ಸದಸ್ಯತ್ವ, ವಿದ್ಯಾರ್ಥಿಗಳಿಗಷ್ಟೇ ಕೊಡುವ ಟ್ರಾವೆಲ್ ಗ್ರಾಂಟ್, ಇವನ್ನು ತುರುಕಿದರೆ ಫೈಲು ದಪ್ಪವಾಗುತ್ತದೆ ಅಷ್ಟೇ.

ಊರಿನ ಪತ್ರಿಕೆಯಲ್ಲಿ ಬಂದ ಸುದ್ದಿ ಹಾಕಬಹುದಾ ಅಂತ ಕನ್ನಡದವರು ಕೇಳುತ್ತಾರೆ. ಹಾಕಬಹುದು, ಆದರೆ ನಿಯಮ ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಮೂರನ್ನೂ ಕೇಳುತ್ತದೆ. ನಮ್ಮ ಪತ್ರಿಕೆಗಳ ಎಷ್ಟೋ ಸುದ್ದಿಯಲ್ಲಿ ಹೆಸರಿನ ಜಾಗದಲ್ಲಿ ಇರುವುದು "ನಮ್ಮ ಪ್ರತಿನಿಧಿ ವರದಿ". ಸುದ್ದಿ ನಿಮ್ಮ ಬಗ್ಗೆ, ನಿಮ್ಮ ಸಂಶೋಧನೆಯ ಬಗ್ಗೆ ಇರಬೇಕು. ಸನ್ಮಾನದ ಪಟ್ಟಿಯಲ್ಲಿ ಹೆಸರು ಬಂದದ್ದು ಲೆಕ್ಕಕ್ಕಿಲ್ಲ. ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಅದು ಸಂಪೂರ್ಣ, ನಿಖರ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಸಹಿ ಮಾಡಿರಬೇಕು. ಪತ್ರಿಕೆಯ ಪ್ರಸಾರ ಸಂಖ್ಯೆಯ ದಾಖಲೆಯನ್ನೂ ಸೇರಿಸಿ.

ಎನ್‌ಐಡಬ್ಲ್ಯುದು ಬೇರೆಯೇ ಲೆಕ್ಕ. ಇದು (ನ್ಯಾಷನಲ್ ಇಂಟರೆಸ್ಟ್ ವೇವರ್) ಇಬಿ-2 ವರ್ಗದಲ್ಲಿ ದೇಶದ ಹಿತದ ಆಧಾರದ ಮೇಲೆ ಉದ್ಯೋಗದಾತರಿಲ್ಲದೆ ಸ್ವತಃ ಹಾಕುವ ಅರ್ಜಿ. 2016ರ ಧನಸರ್ ತೀರ್ಪಿನ ಪ್ರಕಾರ ಮೂರು ಪ್ರಶ್ನೆ: ನೀವು ಮಾಡಹೊರಟ ಕೆಲಸಕ್ಕೆ ರಾಷ್ಟ್ರೀಯ ಮಹತ್ವ ಇದೆಯೇ, ಅದನ್ನು ಮುಂದಕ್ಕೊಯ್ಯುವ ಸ್ಥಿತಿಯಲ್ಲಿ ನೀವಿದ್ದೀರಾ, ಉದ್ಯೋಗದಾತರ ಷರತ್ತು ಬಿಟ್ಟುಕೊಟ್ಟರೆ ಅಮೆರಿಕಕ್ಕೆ ಲಾಭವೇ. "ಬ್ಯಾಟರಿ ಸಂಶೋಧನೆ ದೇಶಕ್ಕೆ ಮುಖ್ಯ" ಅಂದರೆ ಅದು ಕ್ಷೇತ್ರದ ಮಹತ್ವ, ನಿಮ್ಮದಲ್ಲ. ಸೋಡಿಯಂ-ಅಯಾನ್ ಕ್ಯಾಥೋಡ್ ಬೇಗ ಸವೆಯುವುದನ್ನು ಹೇಗೆ ತಡೆಯುತ್ತೀರಿ, ಮುಂದಿನ ಹಂತಗಳೇನು, ಹಣ ಎಲ್ಲಿಂದ ಬರುತ್ತದೆ, ಇಷ್ಟು ಬಿಡಿಸಿ ಬರೆಯಬೇಕು.

ಭಾರತದಲ್ಲಿ ಹುಟ್ಟಿದವರಿಗೆ ಇಬಿ-2 ಸರದಿ ಹತ್ತು ವರ್ಷಕ್ಕೂ ಹಿಂದಿದೆ. ಆದರೂ ಎನ್‌ಐಡಬ್ಲ್ಯು ಮೊದಲು ಹಾಕುವುದು ವ್ಯರ್ಥವಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಅದು ಅಪ್ರೂವ್ ಆದರೆ ಆ ಪ್ರಯಾರಿಟಿ ಡೇಟ್ (ಸರದಿಯಲ್ಲಿ ನಿಮ್ಮ ಜಾಗ ತೀರ್ಮಾನಿಸುವ ದಿನಾಂಕ) ಮುಂದೆ ಇಬಿ-1ಎಗೂ ಒಯ್ಯಬಹುದು, ಎಚ್-1ಬಿ ಕೆಲಸದ ವೀಸಾವನ್ನು ಆರು ವರ್ಷ ದಾಟಿಯೂ ವಿಸ್ತರಿಸಬಹುದು.

2024ರ ಏಪ್ರಿಲ್‌ನಿಂದ ಐ-140 ಶುಲ್ಕ 715 ಡಾಲರ್. ಸ್ವತಃ ಅರ್ಜಿ ಹಾಕುವವರಿಗೆ ಅಸೈಲಂ ಪ್ರೋಗ್ರಾಂ ಶುಲ್ಕ 300 ಡಾಲರ್ ಹೆಚ್ಚುವರಿ. ಎರಡನ್ನೂ ಬೇರೆಬೇರೆಯಾಗಿ ಪಾವತಿಸಬೇಕು, ಒಟ್ಟಿಗೆ ಕಟ್ಟಿದರೆ ಇಡೀ ಪ್ಯಾಕೆಟ್ ವಾಪಸ್ ಬರಬಹುದು. ಬೇಗ ಉತ್ತರ ಬರಲು ಪ್ರೀಮಿಯಂ ಶುಲ್ಕ ಕಟ್ಟಿದರೆ ಇಬಿ-1ಎಗೆ 15, ಎನ್‌ಐಡಬ್ಲ್ಯುಗೆ 45 ಕೆಲಸದ ದಿನಗಳೊಳಗೆ ಒಂದು ಉತ್ತರ ಬರುತ್ತದೆ. ಆ ಉತ್ತರ ಆರ್‌ಎಫ್‌ಇಯೂ ಆಗಿರಬಹುದು.

ಆರ್‌ಎಫ್‌ಇಗೆ ಉತ್ತರಿಸಲು ಸಾಮಾನ್ಯವಾಗಿ 84 ದಿನ, ಅಂಚೆಯಲ್ಲಿ ಬಂದಿದ್ದರೆ 3 ದಿನ ಹೆಚ್ಚು. ವಿಸ್ತರಣೆ ಇಲ್ಲ, ಕಂತಿನಲ್ಲಿ ಕಳಿಸುವಂತೆಯೂ ಇಲ್ಲ, ಎಲ್ಲ ಒಂದೇ ಸಲಕ್ಕೆ ಹೋಗಬೇಕು. ಅರ್ಹತೆ ಅರ್ಜಿ ಹಾಕಿದ ದಿನವೇ ಇದ್ದಿರಬೇಕಾದ್ದರಿಂದ, ಆಮೇಲೆ ಬಂದ ಪೇಪರ್, ಪ್ರಶಸ್ತಿಗಳು ಆ ಕೊರತೆಯನ್ನು ತುಂಬುವುದಿಲ್ಲ. ಅಂಥವು ನಾಲ್ಕಾರು ಇವೆ ಅಂತಾದರೆ ಹೊಸ ಪಿಟಿಷನ್ನೇ ಹಾಕಿ.